ಗದ್ದೆ ಎದುರಿಗಿದೆ, ಅನ್ನ ಎಲ್ಲಿಯದು?

ಅಮಾವಾಸ್ಯೆ ಬಂತೆಂದರೆ ಉಕ್ಕಡಗಾತ್ರಿಯ ದಾರಿ ತುಂಬುತ್ತದೆ. ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಈ ಹೊಳೆದಂಡೆಯ ಊರಿಗೆ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ, ಸುತ್ತಲ ಜಿಲ್ಲೆಗಳಿಂದ ಬಸ್ಸು, ಟೆಂಪೊ, ಟ್ರ್ಯಾಕ್ಟರ್ ಹಿಡಿದು ಜನ ಬರುತ್ತಾರೆ; ತುಂಗಭದ್ರೆಯಲ್ಲಿ ಮುಳುಗೆದ್ದು, ಹರಕೆ ತೀರಿಸಿ, ಉಂಡು ಹೊರಡುತ್ತಾರೆ. ಹರಿಹರದ ಕಡೆಯಿಂದ ಬಂದರೂ ಮಲೇಬೆನ್ನೂರಿನ ಕಡೆಯಿಂದ ಬಂದರೂ ದಾರಿಯುದ್ದಕ್ಕೂ ಕಣ್ಣಿಗೆ ಬೀಳುವುದು ಭತ್ತದ ಗದ್ದೆ, ನಡುನಡುವೆ ಈಚೆಗೆ ಎದ್ದ ಅಡಿಕೆ ತೋಟ. ಹೀಗೆ ಗದ್ದೆಯ ನಡುವೆಯೇ ಹಾದು ಬಂದವರು ದಾರಿಬದಿಯ ಹೋಟೆಲಿನಲ್ಲಿ ಕೂತು, ತಟ್ಟೆಯಲ್ಲಿರುವ ಅನ್ನ ಯಾವ ಊರಿನದು, ಯಾವ ತಳಿಯದು ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಕೇಳುವವರೂ ಇಲ್ಲ ಅನ್ನಿ. ಅಕ್ಕಿ ಎಂದರೆ ಅಕ್ಕಿ. ಚೀಲದ ಮೇಲೆ ದೇವರ ಚಿತ್ರವೋ ಗುಲಾಬಿ ಹೂವೋ ಇರುತ್ತದೆ; ಗದ್ದೆಯ ವಿಳಾಸ ಇರುವುದಿಲ್ಲ. ಹೋಟೆಲಿನ ಬೋರ್ಡಿನಲ್ಲೂ ಅಷ್ಟೆ. ರೈಸ್‌ಬಾತ್, ಗೋಬಿ ಮಂಚೂರಿ, ಎಗ್ ರೈಸ್, ಸ್ವಲ್ಪ ದೊಡ್ಡ ಹೋಟೆಲಾದರೆ ಪನ್ನೀರ್ ಬಟರ್ ಮಸಾಲಾ. ಈ ಪಟ್ಟಿಯನ್ನು ಕಿತ್ತು ತುಮಕೂರಿನಲ್ಲಿ ಹಾಕಿದರೂ ನಡೆಯುತ್ತದೆ, ಹುಬ್ಬಳ್ಳಿಯಲ್ಲಿ ಹಾಕಿದರೂ ನಡೆಯುತ್ತದೆ.

ಈ ಭಾಗದ ಹಳ್ಳಿಗಳಲ್ಲಿ, ಅದರಲ್ಲೂ ಉಕ್ಕಡಗಾತ್ರಿಯಂಥ ಜನ ತಪ್ಪದೆ ಸೇರುವ ಕಡೆ, ಸುತ್ತಲ ಹೊಲಗದ್ದೆಯ ಬೆಳೆಯನ್ನು ಅದರ ಹೆಸರು ಹೇಳಿಯೇ ಬಡಿಸುವ ಖಾನಾವಳಿಗಳು ಬೇಕು ಎಂಬುದು ನನ್ನ ವಾದ. ನಾಲಿಗೆ ಚಪಲಕ್ಕಾಗಿ ಈ ಮಾತು ಹೇಳುತ್ತಿಲ್ಲ. ಹೊರಗೆ ಉಣ್ಣುವುದು ಈಗ ಹಬ್ಬ-ಜಾತ್ರೆಗಷ್ಟೇ ಸೀಮಿತವಾಗಿ ಉಳಿದಿಲ್ಲ. ಆಸ್ಪತ್ರೆಗೆ ಬಂದವರು, ಕೋರ್ಟಿಗೆ ಬಂದವರು, ಕಾಲೇಜಿನ ಹುಡುಗರು, ಲಾರಿಯವರು ಎಲ್ಲರೂ ದಿನದ ಒಂದು ಹೊತ್ತನ್ನಾದರೂ ಹೋಟೆಲಿನಲ್ಲೇ ಕಳೆಯುತ್ತಾರೆ. ಮನೆಯ ಅಡುಗೆ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಅಕ್ಕಿಯನ್ನು ಸಾಕಿತ್ತೋ ಆ ಭಾರ ನಿಧಾನಕ್ಕೆ ಹೋಟೆಲಿನ ಅಡುಗೆಮನೆಯ ಮೇಲೆ ಬಂದು ಬೀಳುತ್ತಿದೆ. ಅಲ್ಲಿಯೂ ಅದನ್ನು ಕೇಳುವವರಿಲ್ಲವಾದರೆ ಬಿತ್ತುವವನು ತಾನೇ ಯಾಕೆ ಬಿತ್ತಿಯಾನು?

ದೂರದ ಒಂದು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಸ್ಪೇನ್ ದೇಶದ ವಲೆನ್ಸಿಯಾ ನಗರದ ಪಕ್ಕದಲ್ಲಿ ಆಲ್ಬುಫೆರಾ ಎಂಬ ಸರೋವರ, ಅದರ ಸುತ್ತ ಭತ್ತದ ಗದ್ದೆ. ಮಲೇಬೆನ್ನೂರಿನವರನ್ನು ಅಲ್ಲಿ ತಂದು ಬಿಟ್ಟರೆ ಬದುವಿನ ಮೇಲೆ ನಡೆಯಲು ದಾರಿ ಕೇಳಬೇಕಾಗಿಲ್ಲ. ಆ ನೀರಿನ ನಡುವೆ ಎಲ್ ಪಾಲ್ಮಾರ್ ಎಂಬ ಹಳೆಯ ಮೀನುಗಾರರ ಹಳ್ಳಿಯಿದೆ. ಇಂದು ಆ ಸಣ್ಣ ಊರಿನ ತುಂಬ ಊಟದ ಮನೆಗಳು. ಎಲ್ಲ ಕಡೆಯೂ ಅಕ್ಕಿಯದೇ ಅಡುಗೆ. ಪಯೇಯಾ ಎಂಬ ಹೆಸರನ್ನು ಈಗ ನಮ್ಮ ಕಡೆಯ ದೊಡ್ಡ ಹೋಟೆಲಿನವರೂ ಬಲ್ಲರು. ಅದು ಹುಟ್ಟಿದ್ದು ಗದ್ದೆ ತೋಟಗಳಲ್ಲಿ ದುಡಿಯುವವರ ಮಧ್ಯಾಹ್ನದ ಊಟವಾಗಿ. ಅಗಲವಾದ, ಆಳವಿಲ್ಲದ ಬಾಣಲೆಯಲ್ಲಿ ಕೋಳಿ, ಮೊಲದ ಮಾಂಸ, ಹಸಿ ಹುರುಳಿಕಾಯಿ, ಅವರೆಯಂಥ ಒಂದು ದೊಡ್ಡ ಬಿಳಿ ಕಾಳು, ಮೇಲೆ ಅಕ್ಕಿ. ಕೆಳಗೆ ಕಿತ್ತಳೆ ಗಿಡದ ಸೌದೆಯ ಬೆಂಕಿ. ಬಾಣಲೆಯ ಹೆಸರೇ ಅಡುಗೆಯ ಹೆಸರಾಯಿತು. ಈ ಅಡುಗೆಗೆ ಬೇಕಾದ ಅಕ್ಕಿ ರಸವನ್ನೆಲ್ಲ ಹೀರಬೇಕು, ಆದರೆ ಒಡೆದು ಮುದ್ದೆಯಾಗಬಾರದು. ಬೊಂಬಾ ಎಂಬ ಹಳೆಯ ತಳಿ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಅದರ ದಂಟು ಉದ್ದ, ಗಾಳಿಗೆ ನೆಲಕ್ಕೆ ಒರಗುತ್ತದೆ, ಇಳುವರಿ ಕಡಿಮೆ. ಯಾವ ಲೆಕ್ಕದಲ್ಲಿ ನೋಡಿದರೂ ರೈತ ಕೈಬಿಡಬೇಕಾದ ತಳಿ. ಅಲ್ಲಿಯೂ ಗದ್ದೆಯ ಹೆಚ್ಚಿನ ಪಾಲು ಇಳುವರಿ ಹೆಚ್ಚು ಕೊಡುವ ಬೇರೆ ತಳಿಗಳದ್ದೇ. ಹಾಗಿದ್ದರೂ ಬೊಂಬಾ ಉಳಿದಿದೆ, ಬೇರೆ ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಮಾರುತ್ತದೆ. ಅಡುಗೆಯವರು ಅದನ್ನೇ ಹೆಸರು ಹಿಡಿದು ಕೇಳುತ್ತಾರೆ, ಉಣ್ಣುವವರು ಅದರ ಹೆಸರು ಬಲ್ಲರು, ಆ ಸೀಮೆಯ ಅಕ್ಕಿಗೆ ಮೂಲದ ಮುದ್ರೆ ಕೊಡುವ ಒಂದು ಸಂಸ್ಥೆಯೂ ಇದೆ. ಗದ್ದೆ, ಮುದ್ರೆ, ಬಾಣಲೆ ಈ ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ.

ನಮ್ಮಲ್ಲಿ ಆ ಕಟ್ಟು ಎಲ್ಲಿ ಬಿಚ್ಚಿತು ಎಂಬುದನ್ನು ನೋಡಬೇಕು. ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತ ಕೊಯ್ಲಾದ ದಿನದಿಂದಲೇ ತನ್ನ ಗುರುತು ಕಳೆದುಕೊಳ್ಳಲು ಶುರು ಮಾಡುತ್ತದೆ. ಕಟಾವು ಯಂತ್ರದ ಬಾಯಿಂದ ಟ್ರ್ಯಾಕ್ಟರ್‌ಗೆ, ಅಲ್ಲಿಂದ ರಸ್ತೆಯ ಮೇಲಿನ ಬಿಸಿಲಿಗೆ, ಅಲ್ಲಿಂದ ದಲ್ಲಾಲಿಯ ಮೂಲಕ ಗಿರಣಿಗೆ. ತಳಿ ಆರ್‌ಎನ್‌ಆರ್ ಆಗಲಿ, ಶ್ರೀರಾಮ ಸೋನಾ ಆಗಲಿ, ಗಿರಣಿಯಲ್ಲಿ ಪಾಲಿಶ್ ಆಗಿ ಹೊರಬರುವಾಗ ಕಾಳಿನ ಉದ್ದ ಮತ್ತು ನುಚ್ಚಿನ ಪ್ರಮಾಣ ಮಾತ್ರ ಲೆಕ್ಕ. ಅದೇ ಅಕ್ಕಿ ಬೆಂಗಳೂರಿನ ಮಳಿಗೆಗೆ ಹೋಗಿ ಬೇರೆ ಹೆಸರಿನ ಚೀಲದಲ್ಲಿ ಮರಳಿ ಹರಿಹರದ ಹೋಟೆಲಿಗೇ ಬಂದರೂ ಯಾರಿಗೂ ತಿಳಿಯುವುದಿಲ್ಲ. ಹೆಸರಿಲ್ಲದ ಸರಕಿಗೆ ಬೆಂಬಲ ಬೆಲೆಯೇ ಮೇಲಿನ ಮಿತಿಯಾಗಿಬಿಡುತ್ತದೆ. 2025-26ರ ಸಾಲಿಗೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಕ್ವಿಂಟಲಿಗೆ 2,369 ರೂಪಾಯಿ. ಮೆಕ್ಕೆಜೋಳದ ಕಥೆ ಇನ್ನೂ ಕಠಿಣ. ದಾವಣಗೆರೆ ಮೆಕ್ಕೆಜೋಳದ ಜಿಲ್ಲೆ ಎಂದೇ ಹೆಸರಾಗಿದ್ದರೂ ಅದರ ಬಹುಪಾಲು ಕೋಳಿ ಆಹಾರಕ್ಕೆ, ಸ್ಟಾರ್ಚ್ ಕಾರ್ಖಾನೆಗೆ ಹೋಗುತ್ತದೆ. ಎಗ್ ರೈಸಿನ ಮೊಟ್ಟೆಯೊಳಗೆ ನಮ್ಮ ಹೊಲ ಇದ್ದರೂ ಇರಬಹುದು, ಅಷ್ಟು ಸಮಾಧಾನ ಮಾಡಿಕೊಳ್ಳಬಹುದು. ಅದೇ ಸಾಲಿನಲ್ಲಿ ಮೆಕ್ಕೆಜೋಳಕ್ಕೆ 2,400 ರೂಪಾಯಿ ಬೆಂಬಲ ಬೆಲೆ ಇದ್ದರೂ ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗೆ ಬಿದ್ದು, 2025ರ ನವೆಂಬರಿನಲ್ಲಿ ಗದಗ, ಹಾವೇರಿ ಕಡೆ ರೈತರು ರಸ್ತೆಗಿಳಿದರು. ನಾಲೆಯ ನೀರಿದ್ದವರು ಭತ್ತ ಬಿಟ್ಟು ಅಡಿಕೆ ಹಾಕುತ್ತಿರುವುದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಹೋಟೆಲಿಗೂ ಹೊಲಕ್ಕೂ ನಂಟು ಕಟ್ಟುವುದು ದಾವಣಗೆರೆಗೆ ಹೊಸ ವಿದ್ಯೆಯೇನಲ್ಲ. ಬೆಣ್ಣೆ ದೋಸೆಯ ಹುಟ್ಟಿನ ಬಗ್ಗೆ ಊರಿನಲ್ಲಿ ಪ್ರಚಲಿತವಿರುವ ಕಥೆ ಇದನ್ನೇ ಹೇಳುತ್ತದೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಬಳಿ ರಾಗಿ ಹಿಟ್ಟಿನ ದೋಸೆಗೆ ಬೆಣ್ಣೆ ಹಾಕಿ ಮಾರತೊಡಗಿದರು. ಹತ್ತು ವರ್ಷದ ಬಳಿಕ ಮಕ್ಕಳು ರಾಗಿ ಬಿಟ್ಟು ಅಕ್ಕಿ, ಉದ್ದಿನಬೇಳೆ, ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿಗೆ ಬಂದರು. ಈ ಕಥೆಯಲ್ಲಿ ಗಮನಿಸಬೇಕಾದದ್ದು ಮಂಡಕ್ಕಿ. ದಾವಣಗೆರೆ ಮಂಡಕ್ಕಿ ಭಟ್ಟಿಗಳ ಊರು. ಭತ್ತವನ್ನು ಬಿಸಿನೀರಿನಲ್ಲಿ ನೆನೆಸಿ, ಹುರಿದು, ಹೊಟ್ಟು ತೆಗೆದು, ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಒಣಗಿಸಿ, ಕೊನೆಗೆ ಕಾದ ಮರಳಿಗೆ ಸುರಿಯುತ್ತಾರೆ. ಎಣಿಸಿ ಹತ್ತು ಕ್ಷಣ ಆಗುವುದರೊಳಗೆ ಕಾಳು ಸಿಡಿದು ಮಲ್ಲಿಗೆಯಾಗುತ್ತದೆ. ತಡವಾದರೆ ಸೀಯುತ್ತದೆ, ಬೇಗ ತೆಗೆದರೆ ಕಲ್ಲಾಗುತ್ತದೆ. ಜರಡಿ ಹಿಡಿದವನ ಮಣಿಕಟ್ಟಿಗೆ ಮಾತ್ರ ಗೊತ್ತಿರುವ ಲೆಕ್ಕ ಅದು. ಊರಿನಲ್ಲಿ ಅಗ್ಗವಾಗಿ, ತಾಜಾ ಆಗಿ ಸಿಗುತ್ತಿದ್ದ ಈ ಮಂಡಕ್ಕಿ ದೋಸೆಗೆ ಮೆತ್ತನೆಯ ಒಡಲನ್ನೂ ಕೆಂಪು ಬಣ್ಣವನ್ನೂ ಕೊಟ್ಟಿತು, ಸುತ್ತಲ ಹಳ್ಳಿಗಳ ಬೆಣ್ಣೆ ರುಚಿ ಕೊಟ್ಟಿತು. ಮಿರ್ಚಿ ಜೊತೆಗಿನ ಮಂಡಕ್ಕಿ, ಪುಟಾಣಿ ಹಿಟ್ಟು ಕಲಸಿದ ನರ್ಗೀಸ್ ಮಂಡಕ್ಕಿ ಕೂಡ ಅದೇ ಭಟ್ಟಿಯ ಮಕ್ಕಳು.

ಆದರೆ ಬೆಣ್ಣೆ ದೋಸೆ ನನ್ನ ವಾದಕ್ಕೆ ಸಾಕ್ಷಿಯೂ ಹೌದು, ಎಚ್ಚರಿಕೆಯೂ ಹೌದು. ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಬೋರ್ಡು ಈಗ ರಾಜ್ಯದ ಯಾವ ಊರಿನ ಬಸ್ ನಿಲ್ದಾಣದ ಎದುರಿಗಾದರೂ ಸಿಗುತ್ತದೆ. ಅಲ್ಲಿ ಅಕ್ಕಿ ಎಲ್ಲಿಯದಾದರೂ ಆದೀತು, ಬೆಣ್ಣೆ ಎಲ್ಲಿಯದಾದರೂ ಆದೀತು, ಮಂಡಕ್ಕಿ ಹಾಕದಿದ್ದರೂ ನಡೆದೀತು. ಊರಿನ ಹೆಸರು ಊರು ಬಿಟ್ಟು ಹೊರಟಿತು. ಊರಿನ ಭತ್ತ, ಊರಿನ ಎಮ್ಮೆ ಅದರ ಹಿಂದೆ ಹೋಗಲಿಲ್ಲ. ವಲೆನ್ಸಿಯಾದವರು ಇದೇ ಪಾಡನ್ನು ಪಯೇಯಾ ವಿಷಯದಲ್ಲಿ ಕಂಡವರು. ಜಗತ್ತಿನಾದ್ಯಂತ ಏನೇನೋ ಬೆರೆಸಿ ಅದೇ ಹೆಸರಿನಲ್ಲಿ ಮಾರುತ್ತಾರೆ. ಅವರು ಆ ಹೆಸರಿನ ಬೆನ್ನು ಹತ್ತಿದ್ದಕ್ಕಿಂತ ಹೆಚ್ಚಾಗಿ ಅಕ್ಕಿಯ ಮೂಲವನ್ನು ಕಾಯ್ದುಕೊಂಡರು. ನಾವು ಹೆಸರನ್ನು ಮಾತ್ರ ಹಿಡಿದು ಕೂತೆವು. ಹಾಗಾಗಿ ಖಾನಾವಳಿಯ ಬೋರ್ಡಿನಲ್ಲಿ ‘ಹಳ್ಳಿ ಊಟ’ ಎಂದು ಬರೆದುಬಿಟ್ಟರೆ ಸಾಲದು. ಅಕ್ಕಿ ಯಾವ ಊರಿನದು, ಯಾವ ತಳಿ, ಯಾವ ತಿಂಗಳು ಕೊಯ್ದದ್ದು, ಹಾಲು ಯಾವ ಡೇರಿಯದು ಎಂಬಷ್ಟು ಬರೆಯುವ ಹೋಟೆಲು ಬೇಕು.

ರೊಟ್ಟಿ ಖಾನಾವಳಿಗಳು ಈಗಾಗಲೇ ಇವೆಯಲ್ಲ ಎಂದು ಯಾರಾದರೂ ಹೇಳಿಯಾರು. ಇವೆ, ಮತ್ತು ಈ ನಾಡಿನ ಹೋಟೆಲು ಸಂಸ್ಕೃತಿಯಲ್ಲಿ ಅವುಗಳಷ್ಟು ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಿಸಿನೀರಿನಲ್ಲಿ ನಾದಿದ ಹಿಟ್ಟು, ಕೊಣಮಿಗೆಯ ಮೇಲೆ ಬಡಿಯುವ ಸದ್ದು, ಹಂಚಿನ ಮೇಲೆ ನೀರು ಸವರಿದ ಮುಖ ಮೇಲಾಗಿ ಬಿದ್ದ ರೊಟ್ಟಿ, ಕೆಂಡದ ಎದುರು ನಿಲ್ಲಿಸಿದಾಗ ಹೊಟ್ಟೆ ಉಬ್ಬಿ ಬರುವ ಹಬೆ. ಪಕ್ಕಕ್ಕೆ ಎಣ್ಣೆಗಾಯಿ ಪಲ್ಯ, ಮೊಳಕೆ ಕಾಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹಸಿ ಈರುಳ್ಳಿ, ಮಜ್ಜಿಗೆ. ಬೋರ್ಡಿಲ್ಲದೆಯೂ ಗುರುತಾಗುವ ಊಟ. ಆದರೆ ನಿಜ ಹೇಳಬೇಕೆಂದರೆ ಹರಿಹರದ ಖಾನಾವಳಿಯ ಜೋಳ ಹರಿಹರದ ಹೊಲದ್ದೇ ಎಂದು ಈಗ ಎದೆ ತಟ್ಟಿ ಹೇಳುವಂತಿಲ್ಲ. ಕಪ್ಪು ನೆಲದಲ್ಲಿ ಜೋಳ ಬೆಳೆಯುತ್ತಿದ್ದ ಜಾಗವನ್ನು ನಾಲೆ ಬಂದ ಕಡೆ ಭತ್ತ ಹಿಡಿಯಿತು, ನಾಲೆ ಬಾರದ ಕಡೆ ಮೆಕ್ಕೆಜೋಳ ಹಿಡಿಯಿತು. ಜೋಳಕ್ಕಾಗಿ ವಿಜಯಪುರ, ಬಳ್ಳಾರಿ ಕಡೆಗೆ ಕೈಚಾಚಬೇಕಾಗಿದೆ. ಖಾನಾವಳಿ ಹಳೆಯ ರುಚಿಯನ್ನು ಉಳಿಸಿತು, ಹೊಲ ಬದಲಾದದ್ದನ್ನು ತಡೆಯಲು ಅದರಿಂದ ಆಗಲಿಲ್ಲ. ಮೂಲದ ಹೆಸರು ಹೇಳುವ ರೂಢಿ ಇದ್ದಿದ್ದರೆ ‘ಇದು ಹೊನ್ನಾಳಿಯ ಜೋಳ’, ‘ಇದು ಜಗಳೂರಿನ ಜೋಳ’ ಎಂದು ಬೇರೆ ಬೇರೆಯಾಗಿ ಕೇಳುವ ಗಿರಾಕಿಯೂ ಹುಟ್ಟಿರುತ್ತಿದ್ದ.

ಇಲ್ಲೊಂದು ತೊಡಕಿನ ಪ್ರಶ್ನೆ ಏಳುತ್ತದೆ. ಈ ಸೀಮೆಯ ‘ಸ್ವಂತ’ ಬೆಳೆ ಯಾವುದು? ಜೋಳ, ನವಣೆ, ಹತ್ತಿಯ ನಾಡಿಗೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ನೀರು ಬಂದು ಅರುವತ್ತು ವರ್ಷದ ಆಚೀಚೆ ಆಗಿದೆ. 71.5 ಟಿಎಂಸಿ ಅಡಿ ನೀರು ಹಿಡಿಯುವ ಆ ಜಲಾಶಯದಿಂದ ಹೊರಟ ಬಲದಂಡೆ ನಾಲೆ ಒಂದು ತಲೆಮಾರಿನೊಳಗೆ ಊಟವನ್ನೇ ತಿರುವಿ ಹಾಕಿತು. ಹತ್ತಿ ಗಿರಣಿಗಳಿಂದಾಗಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರಿನ ಸುತ್ತ ಈಗ ಹತ್ತಿ ಹುಡುಕಿಕೊಂಡು ಹೋಗಬೇಕು. ಹಾಗಿರುವಾಗ ಅಕ್ಕಿಯನ್ನು ಸ್ಥಳೀಯ ಎಂದು ಕೊಂಡಾಡುವುದು ಇತಿಹಾಸಕ್ಕೆ ಸುಣ್ಣ ಬಳಿದಂತಲ್ಲವೇ? ಅಲ್ಲ ಅನ್ನಿಸುತ್ತದೆ. ಸ್ಥಳೀಯತೆಯನ್ನು ಅನಾದಿ ಕಾಲಕ್ಕೆ ಕಟ್ಟುವುದರಲ್ಲೇ ತಪ್ಪಿದೆ. ಹಸಿಮೆಣಸಿನಕಾಯಿ, ಶೇಂಗಾ, ಟೊಮೆಟೊ, ಮೆಕ್ಕೆಜೋಳ ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಅವುಗಳನ್ನು ಬಿಟ್ಟು ಮಿರ್ಚಿ ಮಂಡಕ್ಕಿ ತಿನ್ನಿ ನೋಡೋಣ. ವಲೆನ್ಸಿಯಾಗೆ ಭತ್ತ ತಂದವರೂ ಹೊರಗಿನವರೇ, ಮಧ್ಯಯುಗದ ಅರಬರು. ಈ ಹೊತ್ತು ಈ ನೆಲ, ಈ ನೀರು, ಇಲ್ಲಿಯ ಕೈಗಳು ಬೆಳೆಯುತ್ತಿರುವುದು ಯಾವುದೋ ಅದು ಸ್ಥಳೀಯ. ಅದಕ್ಕೆ ಪಕ್ಕದಲ್ಲೇ ಕೊಳ್ಳುವವರಿದ್ದರೆ ನಾಳೆ ಜೋಳಕ್ಕೂ ನವಣೆಗೂ ಒಂದೆರಡು ಎಕರೆ ಬಿಡುವ ಮನಸ್ಸು ಬರುತ್ತದೆ. 2023ರ ಬರದಲ್ಲಿ ಭದ್ರಾ ನೀರಿಗಾಗಿ ದಾವಣಗೆರೆಯೇ ಬಂದ್ ಆದದ್ದನ್ನು ನೆನೆದರೆ, ನೀರು ಕಡಿಮೆ ಕೇಳುವ ಬೆಳೆಗೆ ತಟ್ಟೆಯಲ್ಲಿ ಜಾಗ ಕಾದಿರಿಸುವುದು ಹಳಹಳಿಕೆಯ ಮಾತಲ್ಲ.

ದುಡ್ಡಿನ ಮಾತು ಬರಲಿ. ಅಜ್ಜಯ್ಯನ ದರ್ಶನಕ್ಕೆ ಬರುವವರು ಬಡವರು, ಕೂಲಿಯವರು, ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡು ಸೋತವರು. ಅವರ ಮುಂದೆ ದುಬಾರಿ ಅಕ್ಕಿಯ ಕಥೆ ಹೇಳಬೇಡಿ ಎಂಬ ಆಕ್ಷೇಪಕ್ಕೆ ತೂಕವಿದೆ. ಲೆಕ್ಕ ಹಾಕಿ ನೋಡೋಣ. ಒಂದು ಊಟಕ್ಕೆ ನೂರೈವತ್ತು ಗ್ರಾಂ ಅಕ್ಕಿ ಹಿಡಿಯಿರಿ. ಹೋಟೆಲಿನವರು ಹೆಸರು ಗೊತ್ತಿರುವ ರೈತರಿಂದ ಕಿಲೋಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಅಕ್ಕಿ ಕೊಂಡರೂ ಒಂದು ಊಟಕ್ಕೆ ಬೀಳುವ ಹೆಚ್ಚುವರಿ ಒಂದೂವರೆ ರೂಪಾಯಿ. ಅದೇ ಹತ್ತು ರೂಪಾಯಿ ರೈತನ ಕಡೆಯಿಂದ ನೋಡಿದರೆ ಬೇರೆಯೇ ಕಾಣುತ್ತದೆ. ಒಂದು ಕ್ವಿಂಟಲ್ ಭತ್ತದಿಂದ ಸುಮಾರು ಅರುವತ್ತೇಳು ಕಿಲೋ ಅಕ್ಕಿ ಬರುತ್ತದೆ ಎಂದರೆ ಕ್ವಿಂಟಲಿಗೆ 670 ರೂಪಾಯಿ ಹೆಚ್ಚು. ಬೆಂಬಲ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ. ಉಣ್ಣುವವನಿಗೆ ಗೊತ್ತೇ ಆಗದ ಮೊತ್ತ ಬೆಳೆಯುವವನಿಗೆ ಗೊಬ್ಬರದ ಉದ್ರಿ ತೀರಿಸುವ ಮೊತ್ತ. ಇನ್ನು ಕ್ಷೇತ್ರದಲ್ಲಿ ದಾಸೋಹವಿದೆ, ಉಚಿತವಾಗಿ ಉಣ್ಣುವವರನ್ನು ಖಾನಾವಳಿಗೆ ಕರೆಯುವುದೇಕೆ ಎಂಬ ಮಾತೂ ಇದೆ. ದಾಸೋಹದ ಮುಂದೆ ಖಾನಾವಳಿಯನ್ನು ಎದುರಾಳಿಯಾಗಿ ನಿಲ್ಲಿಸುವ ಅಗತ್ಯವಿಲ್ಲ. ದಾಸೋಹ ಭಕ್ತಿಯದು, ಖಾನಾವಳಿ ವ್ಯಾಪಾರದ್ದು. ಹಾಗೆ ನೋಡಿದರೆ ಊರ ಬೆಳೆ ಊರಿನ ಪಂಕ್ತಿಗೆ ಬರುವ ಪದ್ಧತಿಯನ್ನು ಮಠ-ಜಾತ್ರೆಗಳೇ ಇಂದಿಗೂ ಕಾಯ್ದುಕೊಂಡಿವೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಟ್ರ್ಯಾಕ್ಟರ್‌ಗಟ್ಟಲೆ ರೊಟ್ಟಿ ಹೋಗುತ್ತದೆ, ಯಾವ ಊರಿನವರು ಎಷ್ಟು ತಂದರು ಎಂಬುದು ಎಲ್ಲರ ಬಾಯಲ್ಲೂ ಇರುತ್ತದೆ. ಹೋಟೆಲಿನವರು ಮಠದಿಂದ ಕಲಿಯಬೇಕಾದ್ದು ಅದನ್ನೇ.

ಲೆಕ್ಕದ ಇನ್ನೊಂದು ಮುಖವನ್ನೂ ಹೇಳದಿದ್ದರೆ ಮೋಸವಾದೀತು. ದಿನಕ್ಕೆ ನೂರು ಊಟ ಹೋಗುವ ಖಾನಾವಳಿಗೆ ವರ್ಷಕ್ಕೆ ಬೇಕಾಗುವುದು ಐದೂವರೆ ಟನ್ನಿನಷ್ಟು ಅಕ್ಕಿ. ಎಕರೆಗೆ ಇಪ್ಪತ್ತರಿಂದ ಇಪ್ಪತ್ತೈದು ಕ್ವಿಂಟಲ್ ಭತ್ತ ಎಂದು ಹಿಡಿದರೆ ಬರೀ ಮೂರು ನಾಲ್ಕು ಎಕರೆಯ ಒಂದು ಬೆಳೆ. ಲಕ್ಷ ಹೆಕ್ಟೇರಿನ ಅಚ್ಚುಕಟ್ಟಿನಲ್ಲಿ ಇದು ಯಾವ ಮೂಲೆಗೆ? ರೈತರ ಸಂಕಟ ಖಾನಾವಳಿಯಿಂದ ಬಗೆಹರಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರಿನ ಸರದಿ, ಖರೀದಿ ಕೇಂದ್ರ, ದಲ್ಲಾಲಿ ಇವುಗಳ ಜಗಳ ಬೇರೆಯದೇ, ಅದು ಬೀದಿಯಲ್ಲೇ ಆಗಬೇಕು. ಆದರೆ ಒಂದು ತಳಿಯ ಬೀಜ ಊರಿನಲ್ಲಿ ಉಳಿಯಲು ನಾಲ್ಕು ಎಕರೆ ಸಾಕು. ಇಳುವರಿ ಕಡಿಮೆ ಎಂದು ಬಿಟ್ಟುಬಿಟ್ಟ ದಪ್ಪಕ್ಕಿಯೋ ಕೆಂಪಕ್ಕಿಯೋ ಮೂರು ಎಕರೆಯಲ್ಲಿ ಬೆಳೆದು, ಅಷ್ಟನ್ನೂ ಕೊಳ್ಳುವ ಒಂದು ಅಡುಗೆಮನೆ ಎರಡು ಮೈಲಿಯೊಳಗೆ ಇದೆ ಎಂಬ ಖಾತ್ರಿಯಿದ್ದರೆ ರೈತ ಬೀಜ ಎತ್ತಿಡುತ್ತಾನೆ. ಬೊಂಬಾ ಉಳಿದದ್ದು ಇಂಥ ಸಣ್ಣ ಲೆಕ್ಕದಲ್ಲೇ.

ಅಡುಗೆಯವರ ಆಕ್ಷೇಪ ನನಗೆ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅವರು ಹೇಳುವುದು: ಹೊಸ ಅಕ್ಕಿ ಹೋಟೆಲಿಗೆ ಆಗಿಬರುವುದಿಲ್ಲ. ನವೆಂಬರ್-ಡಿಸೆಂಬರಿನಲ್ಲಿ ಕೊಯ್ದ ಮುಂಗಾರು ಭತ್ತವನ್ನು ಜನವರಿಯಲ್ಲಿ ಬೇಯಿಸಿದರೆ ಅನ್ನ ಅಂಟಂಟಾಗಿ ಕೂತುಬಿಡುತ್ತದೆ, ಎರಡು ತಾಸು ಕಳೆದರೆ ಪಾತ್ರೆಯೇ ಗಟ್ಟಿ. ಆರು ತಿಂಗಳಿಂದ ವರ್ಷ ಹಳೆಯದಾದರೆ ಮಾತ್ರ ಉದುರುದುರಾಗಿ, ನೀರು ಹೆಚ್ಚು ಹಿಡಿದು, ಒದಗುತ್ತದೆ. ಅಂದರೆ ನೇರವಾಗಿ ರೈತರಿಂದ ಕೊಳ್ಳುವ ಹೋಟೆಲಿನವರು ಆರು ತಿಂಗಳ ಅಕ್ಕಿಗೆ ಮೊದಲೇ ಹಣ ಹಾಕಿ, ಹುಳು ಹೆಗ್ಗಣದಿಂದ ಕಾಯಬೇಕು. ಸಣ್ಣ ಹೋಟೆಲಿಗೆ ಅದು ಆಗದ ಮಾತು. ಇದಕ್ಕೆ ಎರಡು ದಾರಿ ಕಾಣುತ್ತವೆ. ಒಂದು, ಭತ್ತವನ್ನು ಊರಿನ ಸಹಕಾರ ಸಂಘದ ಗೋದಾಮಿನಲ್ಲಿ ಮೂಟೆಗೆ ಚೀಟಿ ಕಟ್ಟಿ ಇಟ್ಟು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಕಳಿಸುವುದು. ಎರಡನೆಯದು ನಮ್ಮ ಹೆಂಗಸರಿಗೆ ಮೊದಲೇ ಗೊತ್ತಿದ್ದದ್ದು: ಹೊಸ ಅಕ್ಕಿಯ ಕಾಲಕ್ಕೆ ಹೊಸ ಅಕ್ಕಿಯ ಅಡುಗೆ. ಸಂಕ್ರಾಂತಿಯ ಹೊತ್ತಿಗೆ ಹುಗ್ಗಿ ಮಾಡುವುದರ ಹಿಂದೆ ಹೆಸರುಬೇಳೆಯ ರುಚಿಯಷ್ಟೇ ಇಲ್ಲ, ಅಂಟುವ ಅಕ್ಕಿಯನ್ನು ಗುಣವಾಗಿಸಿಕೊಂಡ ಜಾಣತನವೂ ಇದೆ. ವರ್ಷವಿಡೀ ಒಂದೇ ಪಟ್ಟಿ ಇಟ್ಟುಕೊಳ್ಳುವ ಹೋಟೆಲು ಈ ಜಾಣತನವನ್ನು ಮರೆತಿದೆ.

ಜನ ಬರುವುದು ಅಮಾವಾಸ್ಯೆಗೆ, ಉಳಿದ ದಿನ ನೊಣ ಹೊಡೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಗಿರಾಕಿ ಬರುವ ದಿನ ಪಂಚಾಂಗದಲ್ಲೇ ಅಚ್ಚಾಗಿರುವ ವ್ಯಾಪಾರ ಇನ್ನೆಲ್ಲಿದೆ? ಆ ದಿನಕ್ಕೆ ತಕ್ಕಂತೆ ಸೊಪ್ಪು, ಬದನೆ, ಮೊಸರು ಮುಂಚಿತವಾಗಿ ಹೇಳಿಡಬಹುದು. ಹೊಳೆಯದು ಮಾತ್ರ ಬೇರೆ ಮಾತು. ತುಂಗಾ ನದಿಯ ಗಾಜನೂರು ಜಲಾಶಯ ಹಿಡಿಯುವುದೇ 3.24 ಟಿಎಂಸಿ ಅಡಿ. ಮಲೆನಾಡಿನಲ್ಲಿ ಮಳೆ ಜೋರಾದರೆ ನೀರು ತಡೆಯಿಲ್ಲದೆ ಕೆಳಗಿಳಿದು ಉಕ್ಕಡಗಾತ್ರಿ-ಫತ್ಯಾಪುರ ರಸ್ತೆಯನ್ನು ಮುಳುಗಿಸುತ್ತದೆ, ಸ್ನಾನಘಟ್ಟದ ಬಳಿಯ ಅಂಗಡಿಗಳಿಗೆ ನುಗ್ಗುತ್ತದೆ. ಮಳೆಗಾಲದ ಪತ್ರಿಕೆಗಳಲ್ಲಿ ಆ ಚಿತ್ರ ತಪ್ಪುವುದೇ ಇಲ್ಲ. ಖಾನಾವಳಿ ಬೇಕಾದ್ದು ಘಟ್ಟದ ಪಕ್ಕ ಅಲ್ಲ, ಎತ್ತರದ ಗದ್ದೆಗಳ ಅಂಚಿನಲ್ಲಿ.

ನಡೆಸುವವರು ಯಾರು ಎಂಬುದನ್ನು ಹಾರಿಸಿ ಮುಂದೆ ಹೋಗುವುದು ಸರಿಯಲ್ಲ. ಖಾನಾವಳಿಗಳು ಬಹುಕಾಲ ಜಾತಿಯ ಹೆಸರನ್ನು ಬೋರ್ಡಿನ ಮೇಲೆ ಹೊತ್ತುಕೊಂಡೇ ನಡೆದವು, ಮತ್ತು ಯಾರ ಕೈಯಡುಗೆ ಎಂಬುದು ರುಚಿಗಿಂತ ಮೊದಲಿನ ಪ್ರಶ್ನೆಯಾಗಿತ್ತು. ‘ಊರ ಊಟ’ ಎಂಬ ಮಾತು ಆ ಹಳೆಯ ಗೋಡೆಗೆ ಹೊಸ ಬಣ್ಣವಾಗಬಾರದು. ಭತ್ತ ನಾಟಿ ಮಾಡಿದವರು, ಮಂಡಕ್ಕಿ ಹುರಿದವರು, ಸೂಳೆಕೆರೆಯ ಮೀನು ಹಿಡಿದವರು ಎಲ್ಲರೂ ಈ ಸೀಮೆಯ ಊಟವನ್ನು ಕಟ್ಟಿದವರೇ. ಕ್ಷೇತ್ರದ ಸುತ್ತ ಸಸ್ಯಾಹಾರವಿರಲಿ. ಹೆದ್ದಾರಿಯ ಕಡೆ ಅದೇ ಅಕ್ಕಿಯ ಅನ್ನಕ್ಕೆ ಸೂಳೆಕೆರೆಯ ಮೀನಿನ ಸಾರು ಯಾಕಾಗಬಾರದು? ಸ್ವಸಹಾಯ ಸಂಘಗಳ ಮಹಿಳೆಯರೇ ನಡೆಸುವ ‘ಅಕ್ಕ ಕೆಫೆ’ಗಳನ್ನು ರಾಜ್ಯ ಸರ್ಕಾರ ಶುರು ಮಾಡಿದೆ, ಸಂಘದ ಮಹಿಳೆಯರು ಬಡಿದ ರೊಟ್ಟಿಗೆ ಕಲಬುರಗಿ ಜಿಲ್ಲಾಡಳಿತ ‘ಕಲಬುರಗಿ ರೊಟ್ಟಿ’ ಎಂಬ ಹೆಸರನ್ನೇ ಕೊಟ್ಟಿದೆ. ಸಂಘದಲ್ಲಿ ಎಲ್ಲ ಕೇರಿಯ ಹೆಂಗಸರೂ ಇರುತ್ತಾರೆ ಎಂಬುದು ಈ ಮಾದರಿಯ ದೊಡ್ಡ ಗುಣ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆ ತಳಿಯ ಗುರುತು ಹಿಡಿದು ಚೀಟಿ ಕೊಡುವ ಕೆಲಸಕ್ಕೆ ಕೈ ಜೋಡಿಸಿದರೆ ಮುದ್ರೆಯ ಸಮಸ್ಯೆಯೂ ಹಗುರಾಗುತ್ತದೆ.

ನನಗಿರುವ ಅಂಜಿಕೆ ಬೇರೆಯದು. ಇಂಥ ಮಾತು ಹಬ್ಬಿದ ಕೂಡಲೇ ಹೆದ್ದಾರಿ ಬದಿಯಲ್ಲಿ ಎತ್ತಿನ ಗಾಡಿಯ ಚಕ್ರ ನೇತುಹಾಕಿ, ಸಪ್ಲೈಯರ್ ಹುಡುಗನಿಗೆ ರುಮಾಲು ಸುತ್ತಿ, ಮಣ್ಣಿನ ಬಟ್ಟಲಲ್ಲಿ ಎಲ್ಲಿಯದೋ ಪನ್ನೀರು ಬಡಿಸುವ ‘ದೇಸಿ’ ಹೋಟೆಲುಗಳು ಏಳುತ್ತವೆ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಸರ್ಕಾರ 2024ರ ಮಾರ್ಚಿನಲ್ಲಿ ನಿಷೇಧ ಹೇರಿತು. ಹಳ್ಳಿತನದ ಕೃತಕ ಬಣ್ಣವನ್ನು ಯಾವ ಇಲಾಖೆಯೂ ಪರೀಕ್ಷೆ ಮಾಡುವುದಿಲ್ಲ. ಚಕ್ರ, ರುಮಾಲು ಬೇಕಾಗಿಲ್ಲ. ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಕುರ್ಚಿ, ಫ್ಯಾನು ಇದ್ದರೆ ಸಾಕು. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಒಂದು ಕರಿಹಲಗೆ, ಅದರ ಮೇಲೆ ಸುಣ್ಣದ ಬಳಪದಲ್ಲಿ ದಿನವೂ ಒರೆಸಿ ಬರೆಯುವ ನಾಲ್ಕು ಸಾಲು: ಅಕ್ಕಿ ಇಂಥ ಊರಿನದು, ಹೋದ ಡಿಸೆಂಬರಿನ ಕೊಯ್ಲು; ಜೋಳ ಹೊರಗಿನದು, ವಿಜಯಪುರದ್ದು; ಬದನೆ, ಮೆಂತ್ಯ ಪಕ್ಕದ ತೋಟದ್ದು; ಮೊಸರು ಮನೆಯ ಎಮ್ಮೆಯದು, ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ.